ತಿರುಗುಬಲದ ಚರಿತ್ರೆ: ಎಂಜಿನ್ನಿನ ಸಹಜ ಉಸಿರೂ ಒತ್ತಿ ತುಂಬಿದ ಉಸಿರೂ

ಮೋಟಾರು ವಾಹನದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅಶ್ವಶಕ್ತಿಯ ಚರಿತ್ರೆಯನ್ನೇ ಬರೆದಿದ್ದಾರೆ. ಪಂದ್ಯಗಳ ವೇಗ, ಗೆದ್ದವರ ಹೆಸರು, ವರ್ಷದಿಂದ ವರ್ಷಕ್ಕೆ ಏರುತ್ತ ಹೋದ ಅಂಕಿ ಇವೆಲ್ಲ ಓದಲು ಸೊಗಸಾದ ಸಂಗತಿಗಳೇ ಸರಿ. ಆದರೆ ತುಂಬಿದ ಬಂಡಿ ನಿಂತಲ್ಲಿಂದ ಸಲೀಸಾಗಿ ಕದಲುತ್ತದೆಯೆ, ಘಟ್ಟದ ತಿರುವಿನಲ್ಲಿ ಗೇರು ಇಳಿಸದೆ ಮೇಲೇರುತ್ತದೆಯೆ ಎಂಬುದು ಆ ಒಂದು ಅಂಕಿಯಿಂದ ತಿಳಿಯತಕ್ಕದ್ದಲ್ಲ. ಅದಕ್ಕೆ ಬೇಕಾದ ಮಾನವೇ ಬೇರೆ. ಇಂಗ್ಲಿಷಿನಲ್ಲಿ ಅದಕ್ಕೆ ಟಾರ್ಕ್ ಎಂದು ಹೆಸರು. ತಿರುಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಆ ಪದವನ್ನು 1884ರಲ್ಲಿ ಯಂತ್ರಶಾಸ್ತ್ರದ ಬಳಕೆಗೆ ಸೂಚಿಸಿದವನು ಲಾರ್ಡ್ ಕೆಲ್ವಿನ್ನನ ಅಣ್ಣ ಜೇಮ್ಸ್ ಥಾಮ್ಸನ್. ಕನ್ನಡದಲ್ಲಿ ತಿರುಗುಬಲ ಎಂದರೆ ಸಾಕು. ಬೀಸುವ ಕಲ್ಲಿನ ಗೂಟವನ್ನು ಹಿಡಿದವರಿಗೆ ಇದರ ವಿವರಣೆ ಬೇಕಿಲ್ಲ: ಗೂಟ ಕಲ್ಲಿನ ಅಂಚಿಗೆ ಎಷ್ಟು ಹತ್ತಿರವಿದ್ದರೆ ಅಷ್ಟು ಸುಲಭ, ನಡುವಿಗೆ ಎಷ್ಟು ಹತ್ತಿರವೋ ಅಷ್ಟು ಕಷ್ಟ. ಕೈಯ ಬಲವನ್ನೂ ನಡುವಿನಿಂದ ಗೂಟದ ದೂರವನ್ನೂ ಗುಣಿಸಿದರೆ ಬರುವುದೇ ತಿರುಗುಬಲ. ಅದನ್ನು ನಿಮಿಷಕ್ಕೆ ತಿರುಗುವ ಸುತ್ತುಗಳೊಡನೆ ಗುಣಿಸಿದರೆ ಅಶ್ವಶಕ್ತಿಯ ಲೆಕ್ಕ ಸಿಗುತ್ತದೆ. ಆದುದರಿಂದ ಅಶ್ವಶಕ್ತಿ ಎಂಬುದು ಎರಡು ಸಂಗತಿಗಳ ಗುಣಲಬ್ಧ. ಆ ಎರಡರಲ್ಲಿ ಯಾವುದು ಎಷ್ಟು ಎಂಬುದನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ.

ಎಂಜಿನ್ನಿನ ತಿರುಗುಬಲವನ್ನು ನಿರ್ಧರಿಸುವುದು ಯಾವುದು? ಇದಕ್ಕೆ ಜಮಾಖರ್ಚಿನ ರೀತಿಯಲ್ಲೇ ಉತ್ತರ ಹೇಳಬಹುದು. 1876ರಲ್ಲಿ ನಿಕೊಲಾಸ್ ಆಟೊ ಸಿದ್ಧಗೊಳಿಸಿದ ನಾಲ್ಕು ಹೊಡೆತದ ಕ್ರಮದಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಲ್ಲ ಸಿಲಿಂಡರುಗಳೂ ಸೇರಿ 2 ಲೀಟರು ಗಾತ್ರದ ಎಂಜಿನ್ನನ್ನು ತೆಗೆದುಕೊಳ್ಳೋಣ. ಸಮುದ್ರ ಮಟ್ಟದಲ್ಲಿ 2 ಲೀಟರು ಗಾಳಿಯ ತೂಕ ಸುಮಾರು 2.4 ಗ್ರಾಂ. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು 14.7 ಪಾಲು ಗಾಳಿ ಬೇಕು. ಹಾಗಾದರೆ ಇಲ್ಲಿ ಉರಿಸಬಹುದಾದ ಪೆಟ್ರೋಲು 0.16 ಗ್ರಾಂ ಮಾತ್ರ. ಅದರಿಂದ ಹುಟ್ಟುವ ಶಾಖ ಸುಮಾರು 7,000 ಜೂಲು. ಹೆಚ್ಚಿನ ಪಾಲು ಹೊಗೆಯಾಗಿಯೂ ನೀರಿನ ಬಿಸಿಯಾಗಿಯೂ ಸೋರಿಹೋಗಿ ನೂರಕ್ಕೆ 35ರಷ್ಟು ದಂಡಕ್ಕೆ ಮುಟ್ಟಿತೆಂದು ಹಿಡಿದರೆ 2,450 ಜೂಲು ಉಳಿಯಿತು. ಎರಡು ಸುತ್ತಿನ ಮೇಲೆ ಇದನ್ನು ಹಂಚಿದರೆ ತಿರುಗುಬಲ ಸುಮಾರು 195 ನ್ಯೂಟನ್-ಮೀಟರು ಆಗುತ್ತದೆ. 2004ರ ಸುಮಾರಿಗೆ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೆ ಕೂಡಿಸುತ್ತಿದ್ದ 2 ಲೀಟರಿನ ಸಹಜ ಉಸಿರಿನ ಎಂಜಿನ್ನಿಗೆ ತಯಾರಕರು ಕೊಟ್ಟಿರುವ ಅಂಕಿ 200 ನ್ಯೂಟನ್-ಮೀಟರು. ಅಂದರೆ ಕಾಗದದ ಮೇಲಿನ ಲೆಕ್ಕವೂ ಕಾರಖಾನೆಯ ಲೆಕ್ಕವೂ ಹೆಚ್ಚು ದೂರವಿಲ್ಲ.

ಈ ಲೆಕ್ಕದಲ್ಲಿ ಗಮನಿಸಬೇಕಾದುದು ಪೆಟ್ರೋಲನ್ನಲ್ಲ, ಗಾಳಿಯನ್ನು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಉರಿಯುವುದು ಗಾಳಿಯಿದ್ದಷ್ಟೇ. ಗಾಳಿಯ ತೂಕ, ಅದರಿಂದ ಹುಟ್ಟಿದ ಶಾಖದಲ್ಲಿ ಕೆಲಸಕ್ಕೆ ದಕ್ಕುವ ಪಾಲು, ಇವೆರಡೇ ತಿರುಗುಬಲದ ಮೂಲಧನ. ಯಂತ್ರಶಾಸ್ತ್ರಜ್ಞರು ಇದನ್ನು ಗಾತ್ರದಿಂದ ಭಾಗಿಸಿ ‘ಸರಾಸರಿ ಸಫಲ ಒತ್ತಡ’ ಎಂಬ ಮಾನವನ್ನು ಮಾಡಿಕೊಂಡಿದ್ದಾರೆ. ಬೇರೆ ಬೇರೆ ಗಾತ್ರದ, ಬೇರೆ ಬೇರೆ ಕಾಲದ ಎಂಜಿನ್ನುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. 1908ರ ಫೋರ್ಡ್ ‘ಟಿ’ ಮಾದರಿಯ 2.9 ಲೀಟರು ಎಂಜಿನ್ 900 ಸುತ್ತಿನಲ್ಲಿ 83 ಪೌಂಡು-ಅಡಿ, ಎಂದರೆ ಸುಮಾರು 112 ನ್ಯೂಟನ್-ಮೀಟರು ಕೊಡುತ್ತಿತ್ತು. ಅದರ ಸಫಲ ಒತ್ತಡ 5 ಬಾರ್‌ಗೂ ಕಡಮೆ. ಮೇಲೆ ಹೇಳಿದ ಗಾಲ್ಫ್ ಎಂಜಿನ್ನಿನದು 12.7 ಬಾರ್. ಸಹಜ ಉಸಿರಿನ ಎಂಜಿನ್ನು ಒಂದು ಶತಮಾನದಲ್ಲಿ ನಡೆದ ದಾರಿ ಇಷ್ಟೇ, ಎರಡೂವರೆ ಪಟ್ಟು.

ಇಲ್ಲಿ ಒಂದು ಹಳೆಯ ನಂಬಿಕೆಯನ್ನು ಪರೀಕ್ಷಿಸಬೇಕಾಗುತ್ತದೆ. ಸಿಲಿಂಡರು ಕಿರಿದಾಗಿ ಪಿಸ್ಟನ್ನಿನ ಓಟ ಉದ್ದವಾಗಿದ್ದರೆ ತಿರುಗುಬಲ ಹೆಚ್ಚು, ಏಕೆಂದರೆ ಕ್ರ್ಯಾಂಕು ದಂಡದ ತೋಳು ಉದ್ದವಾಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಮಾತ್ರವಲ್ಲ, ಪುಸ್ತಕಗಳಲ್ಲಿಯೂ ಕಾಣುತ್ತದೆ. ತೋಳು ಉದ್ದವಾದದ್ದು ನಿಜ. ಆದರೆ ಗಾತ್ರ ಅಷ್ಟೇ ಇರಬೇಕಾದರೆ ಪಿಸ್ಟನ್ನಿನ ಮುಖ ಅದೇ ಪ್ರಮಾಣದಲ್ಲಿ ಕಿರಿದಾಗಬೇಕು, ಅದರ ಮೇಲೆ ಬೀಳುವ ಬಲವೂ ಇಳಿಯಬೇಕು. ಒಂದು ಕೈಯಲ್ಲಿ ಗಳಿಸಿದ್ದು ಇನ್ನೊಂದು ಕೈಯಲ್ಲಿ ಹೋಗುತ್ತದೆ. ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿ? ಬ್ರಿಟನ್ನಿನ ತೆರಿಗೆಯ ಕಾಯಿದೆಯಲ್ಲಿ ಎಂದರೆ ಆಶ್ಚರ್ಯವಾಗಬಹುದು. 1921ರಿಂದ ಅಲ್ಲಿ ಕಾರಿನ ಪ್ರತಿಯೊಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡು ತೆರಿಗೆ ಇತ್ತು. ಆ ಅಶ್ವಶಕ್ತಿಯಾದರೂ ಅಳೆದು ನೋಡಿದ್ದಲ್ಲ. ಸಿಲಿಂಡರಿನ ವ್ಯಾಸದ ವರ್ಗವನ್ನು ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ 2.5ರಿಂದ ಭಾಗಿಸಿದ್ದು. ಪಿಸ್ಟನ್ನಿನ ಓಟಕ್ಕೆ ಈ ಸೂತ್ರದಲ್ಲಿ ಸ್ಥಾನವೇ ಇಲ್ಲ. ಮೂರೂ ಮುಕ್ಕಾಲು ಅಂಗುಲ ವ್ಯಾಸದ ಫೋರ್ಡ್ ‘ಟಿ’ ನಿಜವಾಗಿ ಕೊಡುತ್ತಿದ್ದುದು 20 ಅಶ್ವಶಕ್ತಿ. ಸೂತ್ರದ ಪ್ರಕಾರ ತೆರಿಗೆ ಬಿದ್ದದ್ದು 22½ಕ್ಕೆ! 69.5 ಮಿಲಿಮೀಟರು ವ್ಯಾಸ, 102 ಮಿಲಿಮೀಟರು ಓಟದ ಮಾರಿಸ್ ಕೌಲಿಗೆ ಹನ್ನೆರಡು ಪೌಂಡಿನಲ್ಲಿ ಮುಗಿಯುತ್ತಿತ್ತು. ಬ್ರಿಟಿಷ್ ತಯಾರಕರು ಏನು ಮಾಡಿದರೆಂದು ಹೇಳಬೇಕಾಗಿಲ್ಲ. ವ್ಯಾಸವನ್ನು ಹಿಸುಕಿ ಓಟವನ್ನು ಎಳೆದರು. ಕಿರಿದಾದ ಸಿಲಿಂಡರಿನ ತಲೆಯಲ್ಲಿ ದೊಡ್ಡ ಕವಾಟಗಳಿಗೆ ಎಡೆಯಿಲ್ಲ. ಉದ್ದ ಓಟದ ಪಿಸ್ಟನ್ನನ್ನು ಹೆಚ್ಚು ವೇಗದಲ್ಲಿ ಓಡಿಸುವಂತಿಲ್ಲ. ಆದುದರಿಂದ ಆ ಎಂಜಿನ್ನುಗಳು ಕಡಮೆ ಸುತ್ತಿನಲ್ಲೇ ಚೆನ್ನಾಗಿ ಉಸಿರಾಡುವಂತೆ ರಚಿತವಾದುವು, ಮೇಲಿನ ಸುತ್ತಿನಲ್ಲಿ ಬಳಲಿದುವು. ಬಳಲಿಕೆಯನ್ನು ಮರೆತ ಜನ ಕೆಳಗಿನ ಗುಣವನ್ನು ಹೊಗಳಿ, ಅದಕ್ಕೆ ತೋಳಿನ ಉದ್ದವೇ ಕಾರಣವೆಂದುಕೊಂಡರು. ತೆರಿಗೆ 1940ರ ದಶಕದ ಕೊನೆಗೆ ರದ್ದಾಯಿತು. ಆದರೆ ಆ ಕಾಲದಲ್ಲಿ ರೂಪುಗೊಂಡ ಆಸ್ಟಿನ್ ಎ-40 ಎಂಜಿನ್ನಿನ 88.9 ಮಿಲಿಮೀಟರು ಓಟ ಅದರ ಸಂತತಿಯಾದ 1,489 ಘನ ಸೆಂಟಿಮೀಟರಿನ ಎಂಜಿನ್ನಿಗೂ ಬಂದಿತು. ಅದೇ ಎಂಜಿನ್ ಅಂಬಾಸಿಡರ್ ಕಾರಿನ ಹೊಟ್ಟೆಯಲ್ಲಿ ಕುಳಿತು ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿತು. ಲಂಡನ್ನಿನ ಖಜಾನೆಯ ಒಂದು ಸೂತ್ರ ಕಲ್ಕತ್ತೆಯ ಬಾಡಿಗೆ ಕಾರಿನಲ್ಲಿ ಹೀಗೆ ಬಾಳಿತೆಂಬುದು ಆರ್ಥಿಕ ಚರಿತ್ರೆಯ ಅಭ್ಯಾಸಿಗಳಿಗೂ ರುಚಿಸಬಹುದಾದ ಸಂಗತಿ.

ಸಹಜ ಉಸಿರಿನ ಎಂಜಿನ್ನಿಗೆ ಇರುವ ಒಡವೆ ವಾತಾವರಣದ ಒತ್ತಡವೊಂದೇ. ಆ ಒತ್ತಡ ಗಾಳಿಯನ್ನು ತಳ್ಳಿದಷ್ಟು ಸಿಲಿಂಡರು ತುಂಬುತ್ತದೆ. ಸುತ್ತು ಬಹಳ ಕಡಮೆಯಿದ್ದಾಗ, ತಡವಾಗಿ ಮುಚ್ಚುವ ಕವಾಟದ ಮೂಲಕ ಬಂದ ಗಾಳಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಬಹಳ ಹೆಚ್ಚಿದಾಗ ಒಳಬರಲು ಸಮಯವೇ ಸಾಲದು. ಇವೆರಡರ ನಡುವೆ ಎಲ್ಲೋ ಒಂದು ಕಡೆ ತುಂಬುವಿಕೆ ಅತ್ಯುತ್ತಮವಾಗಿರುತ್ತದೆ; ತಿರುಗುಬಲದ ಗೆರೆ ಅಲ್ಲಿ ಗುಡ್ಡದಂತೆ ಏರಿ ಮತ್ತೆ ಇಳಿಯುತ್ತದೆ. ಗುಡ್ಡವನ್ನು ಎತ್ತರಿಸುವುದು ಕಷ್ಟ, ಆಚೀಚೆ ಸರಿಸುವುದು ಸುಲಭ. ಅಮೆರಿಕದ ಕ್ರೈಸ್ಲರ್ ಸಂಸ್ಥೆ 1960ರಲ್ಲಿ ತನ್ನ 300-ಎಫ್ ಮಾದರಿಯಲ್ಲಿ ಇದನ್ನು ಎಲ್ಲರಿಗೂ ಕಾಣುವಂತೆ ತೋರಿಸಿತು. ಗಾಳಿ ಬರುವ ಕೊಳವೆಗಳನ್ನು 30 ಅಂಗುಲ ಉದ್ದಕ್ಕೆ ಎಳೆದಾಗ, ಕವಾಟ ತೆರೆದು ಮುಚ್ಚುವುದರಿಂದ ಕೊಳವೆಯಲ್ಲಿ ಏಳುವ ಒತ್ತಡದ ಅಲೆ ಸರಿಯಾದ ಗಳಿಗೆಗೆ ಹಿಂತಿರುಗಿ ಬಂದು ಇನ್ನಷ್ಟು ಗಾಳಿಯನ್ನು ಒಳಕ್ಕೆ ನೂಕುತ್ತಿತ್ತು. 6.8 ಲೀಟರಿನ ಆ ಎಂಜಿನ್ನಿಗೆ ಸಂಸ್ಥೆ ಕೊಟ್ಟ ಅಂಕಿ 375 ಅಶ್ವಶಕ್ತಿ, 2,800 ಸುತ್ತಿನಲ್ಲಿ 495 ಪೌಂಡು-ಅಡಿ. ಹೊರಗಿನಿಂದ ಅದೇ ರೀತಿ ಕಾಣುವ ಕೊಳವೆಯ ಒಳಗೋಡೆಯನ್ನು ಅರ್ಧಕ್ಕೆ ಕತ್ತರಿಸಿದ ಇನ್ನೊಂದು ರೂಪದಲ್ಲಿ ಅಶ್ವಶಕ್ತಿ 400ಕ್ಕೆ ಏರಿತು. ತಿರುಗುಬಲ 465ಕ್ಕೆ ಇಳಿಯಿತು, ಅದೂ 3,600 ಸುತ್ತಿಗೆ ಸರಿಯಿತು. ಗಾತ್ರ ಅದೇ, ಗಾಳಿ ಅದೇ. ಕೊಳವೆಯ ಉದ್ದ ಮಾತ್ರ ಬೇರೆ. 1989ರಲ್ಲಿ ಹೋಂಡಾ ಕವಾಟದ ಕಾಲವನ್ನೇ ಬದಲಿಸಬಲ್ಲ ಏರ್ಪಾಟಿನಿಂದ 1.6 ಲೀಟರಿನ ಎಂಜಿನ್ನಿನಲ್ಲಿ 160 ಅಶ್ವಶಕ್ತಿ ಪಡೆದಾಗ ಲೋಕ ಬೆರಗಾಯಿತು. ಅದರ ತಿರುಗುಬಲ ಮಾತ್ರ 152 ನ್ಯೂಟನ್-ಮೀಟರು, ಅದೂ 7,000 ಸುತ್ತಿನಲ್ಲಿ. ಸಫಲ ಒತ್ತಡ 12 ಬಾರ್. ಅಂದರೆ ಹೋಂಡಾ ಗೆದ್ದದ್ದು ಸುತ್ತನ್ನು, ಒತ್ತಡವನ್ನಲ್ಲ.

ಗಾಳಿಯನ್ನು ಹೆಚ್ಚಿಸಲಾಗದಿದ್ದರೆ ಶಾಖದ ಪಾಲನ್ನಾದರೂ ಹೆಚ್ಚಿಸಬಹುದಲ್ಲವೆ? ಅದಕ್ಕೆ ದಾರಿ ಉರಿಯುವ ಮುಂಚೆ ಮಿಶ್ರಣವನ್ನು ಬಿಗಿಯಾಗಿ ಅದುಮುವುದು. ಅದುಮುವ ಪ್ರಮಾಣ 4ರಿಂದ 10ಕ್ಕೆ ಏರಿದರೆ ಆದರ್ಶ ಲೆಕ್ಕದಲ್ಲಿ ಕೆಲಸದ ಪಾಲು ನೂರಕ್ಕೆ 43ರಿಂದ 60ಕ್ಕೆ ಏರುತ್ತದೆ. ಆದರೆ ಹಾಗೆ ಅದುಮಿದಾಗ, ಜ್ವಾಲೆ ಇನ್ನೂ ಮುಟ್ಟದ ಮೂಲೆಯ ಮಿಶ್ರಣ ತಾನಾಗಿಯೇ ಸ್ಫೋಟಿಸಿ ಸುತ್ತಿಗೆಯಿಂದ ಹೊಡೆದಂತೆ ಸದ್ದು ಮಾಡುತ್ತದೆ; ಪಿಸ್ಟನ್ನು ಕರಗುವುದೂ ಉಂಟು. ಈ ಬಡಿತ ಎಂಜಿನ್ನಿನ ದೋಷಕ್ಕಿಂತ ಹೆಚ್ಚಾಗಿ ಇಂಧನದ ಗುಣವೆಂಬುದನ್ನು ಮೊದಲ ಮಹಾಯುದ್ಧದ ನಂತರ ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಪ್ರಯೋಗಗಳಿಂದ ಸ್ಥಾಪಿಸಿದ. 1921ರ ಡಿಸೆಂಬರ್ 9ರಂದು ಅಮೆರಿಕದಲ್ಲಿ ಥಾಮಸ್ ಮಿಜ್ಲಿ ಎಂಬಾತ, ಸೀಸದ ಒಂದು ಸಂಯುಕ್ತವನ್ನು ಪೆಟ್ರೋಲಿಗೆ ತುಸುವೇ ಬೆರೆಸಿದರೆ ಬಡಿತ ಅಡಗುವುದನ್ನು ಕಂಡ. 1923ರಲ್ಲಿ ಅದು ಮಾರಾಟಕ್ಕೆ ಬಂದಿತು. ಸೀಸ ವಿಷವೆಂಬುದು ಆಗ ತಿಳಿಯದ ವಿಷಯವೇನೂ ಅಲ್ಲ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಚಿತ್ತಭ್ರಮೆಗೊಂಡು ಸತ್ತರು. ಆದರೂ ಮಾರಾಟ ನಿಂತದ್ದು ಅಲ್ಪಕಾಲ ಮಾತ್ರ. ಭಾರತದಲ್ಲಿ ಸೀಸದ ಪೆಟ್ರೋಲು ನಿಂತದ್ದು 2000ದಲ್ಲಿ. ಲೋಕದಲ್ಲಿ ಕೊನೆಯದಾಗಿ ಅಲ್ಜೀರಿಯದಲ್ಲಿ 2021ರಲ್ಲಿ. ಸಹಜ ಉಸಿರಿನ ಎಂಜಿನ್ನಿನ ತಿರುಗುಬಲ ಏರಿದ ಗೆರೆಯ ಬದಿಯಲ್ಲಿ ಈ ಸಾಲವನ್ನೂ ಬರೆಯದಿದ್ದರೆ ಲೆಕ್ಕ ಪ್ರಾಮಾಣಿಕವಾಗುವುದಿಲ್ಲ. ಎರಡು ತಲೆಮಾರಿಗೂ ಮೀರಿದ ನಗರವಾಸಿಗಳ ಮಕ್ಕಳು ಆ ಸಾಲವನ್ನು ತಮ್ಮ ರಕ್ತದಲ್ಲಿ ತೀರಿಸಿದ್ದಾರೆ.

ವಾತಾವರಣದ ಒತ್ತಡಕ್ಕೇ ಏಕೆ ಕಟ್ಟುಬೀಳಬೇಕು ಎಂಬ ಪ್ರಶ್ನೆ ಹೊಸದಲ್ಲ. ಗಾಟ್ಲೀಬ್ ಡೈಮ್ಲರ್ 1885ರ ತನ್ನ ಸನ್ನದಿನಲ್ಲಿಯೇ ಗಾಳಿಯನ್ನು ಒತ್ತಿ ತುಂಬುವ ಉಪಾಯವನ್ನು ಸೂಚಿಸಿದ್ದ. ಆದರೆ ಒತ್ತುವ ಯಂತ್ರವನ್ನು ಎಂಜಿನ್ನೇ ತಿರುಗಿಸಬೇಕಾದರೆ, ಬಂದ ಆದಾಯದಲ್ಲಿ ಒಂದು ಪಾಲು ಅಲ್ಲಿಯೇ ಖರ್ಚಾಗುತ್ತದೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ನಗರದ ಆಲ್ಫ್ರೆಡ್ ಬ್ಯೂಕಿ (1879–1959) ಇನ್ನೊಂದು ಕಡೆ ನೋಡಿದ. ಇಂಧನದ ಶಾಖದಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಹೊಗೆಯ ಕೊಳವೆಯಲ್ಲಿ ವ್ಯರ್ಥವಾಗಿ ಹೋಗುತ್ತಿದೆ. ಆ ಹೊಗೆಯಿಂದಲೇ ಒಂದು ಟರ್ಬೈನನ್ನು ತಿರುಗಿಸಿ ಅದರಿಂದ ಗಾಳಿಯನ್ನು ಒತ್ತಿಸಬಾರದೇಕೆ? 1905ರ ನವೆಂಬರ್ 16ರಂದು ಅವನಿಗೆ ಜರ್ಮನಿಯ ಸನ್ನದು ದೊರೆಯಿತು. ಆಗ ಅವನ ವಯಸ್ಸು 26. ವಿಚಾರ ಫಲಿಸಲು ಅವನು ಇಪ್ಪತ್ತು ವರ್ಷ ಕಾಯಬೇಕಾಯಿತು. ಸುಲ್ಟ್‌ಸರ್ ಕಾರಖಾನೆಯಲ್ಲಿ ನಡೆಸಿದ ಮೊದಲ ಪ್ರಯೋಗಗಳು ನಿರೀಕ್ಷಿಸಿದ ಫಲ ಕೊಡಲಿಲ್ಲ. ಸಿಲಿಂಡರುಗಳು ಒಂದರ ಹೊಗೆಯನ್ನು ಇನ್ನೊಂದು ತಡೆಯುತ್ತಿದ್ದುವು. 1925ರಲ್ಲಿ ಅವನು ಹೊಗೆಯ ಕೊಳವೆಗಳನ್ನು ಬೇರ್ಪಡಿಸಿ, ಒಳಹೊರ ಕವಾಟಗಳೆರಡೂ ತುಸು ಹೊತ್ತು ಒಟ್ಟಿಗೆ ತೆರೆದಿರುವಂತೆ ಮಾಡಿ, ಹೊಸ ಗಾಳಿಯಿಂದಲೇ ಹಳೆಯ ಹೊಗೆಯನ್ನು ಗುಡಿಸಿ ಹಾಕುವ ಕ್ರಮವನ್ನು ಕಂಡುಕೊಂಡ. ಮರುವರ್ಷ ಕಡಲಿಗಿಳಿದ ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಹಡಗುಗಳ ಡೀಸೆಲ್ ಎಂಜಿನ್ನುಗಳು 1,750ರ ಬದಲು 2,500 ಅಶ್ವಶಕ್ತಿ ಕೊಟ್ಟುವು. ಹಡಗಿನ ಎಂಜಿನ್ನಿಗೆ ಸುತ್ತು ಹೆಚ್ಚಿಸುವ ಸ್ವಾತಂತ್ರ್ಯ ಅಷ್ಟಿಲ್ಲ. ಈ ಗಳಿಕೆ ತಿರುಗುಬಲದ ಗಳಿಕೆಯೇ. ಪಂದ್ಯದ ಕಾರುಗಳನ್ನೇ ನೆನೆಯುವ ಟರ್ಬೊ ಚರಿತ್ರೆಗಾರರು ಈ ಎರಡು ಹಡಗುಗಳನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ಅನ್ಯಾಯ.

ವಿಮಾನದವರಿಗೆ ಇದೇ ಯಂತ್ರ ಬೇರೆ ಕಾರಣದಿಂದ ಬೇಕಾಯಿತು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಕೊಲರಾಡೊದ 14,000 ಅಡಿಗೂ ಮೀರಿದ ಪೈಕ್ಸ್ ಶಿಖರಕ್ಕೆ ಲಿಬರ್ಟಿ ಎಂಜಿನ್ನನ್ನು ಸಾಗಿಸಿ ಪರೀಕ್ಷಿಸಿದ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದುದು ಶಿಖರದಲ್ಲಿ 230ಕ್ಕೆ ಇಳಿಯಿತು. ಟರ್ಬೊ ಕೂಡಿಸಿದಾಗ 356. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮುಂಬಯಿಯಿಂದ 900 ಮೀಟರು ಎತ್ತರದ ಬೆಂಗಳೂರಿಗೆ ಬಂದ ಸಹಜ ಉಸಿರಿನ ಕಾರು ನೂರಕ್ಕೆ ಹತ್ತರಷ್ಟು ಗಾಳಿಯನ್ನೂ ಅದರೊಡನೆ ಅಷ್ಟೇ ತಿರುಗುಬಲವನ್ನೂ ದಾರಿಯಲ್ಲಿ ಕಳೆದುಕೊಂಡಿರುತ್ತದೆ.

ಕಾರಿಗೆ ಟರ್ಬೊ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಕಾರುಗಳಲ್ಲಿ. ಜೆಟ್‌ಫೈರ್‌ನ ಕಥೆ ವಿವರವಾಗಿ ಹೇಳತಕ್ಕದ್ದು. ಒತ್ತಿ ತುಂಬಿದ ಗಾಳಿ ಬಿಸಿಯಾಗಿರುತ್ತದೆ. ಅದನ್ನು ಸಿಲಿಂಡರಿನಲ್ಲಿ ಮತ್ತೆ ಅದುಮಿದರೆ ಬಡಿತ ಖಂಡಿತ. ಸಾಮಾನ್ಯ ಪರಿಹಾರವೆಂದರೆ ಅದುಮುವ ಪ್ರಮಾಣವನ್ನು ತಗ್ಗಿಸುವುದು. ಓಲ್ಡ್ಸ್‌ಮೊಬೀಲಿನವರು ಅದಕ್ಕೆ ಒಪ್ಪದೆ 10.25ನ್ನೇ ಉಳಿಸಿಕೊಂಡು, ನೀರು ಮತ್ತು ಮೀಥೈಲ್ ಮದ್ಯಸಾರ ಬೆರೆಸಿದ ದ್ರವವನ್ನು ಸಿಂಪಡಿಸಿ ಮಿಶ್ರಣವನ್ನು ತಣಿಸಿದರು. 3.5 ಲೀಟರಿನಲ್ಲಿ 300 ಪೌಂಡು-ಅಡಿ ತಿರುಗುಬಲ, 3,200 ಸುತ್ತಿನಲ್ಲಿ. ಸಫಲ ಒತ್ತಡ 14 ಬಾರ್ ಮೀರಿತು. ಯಂತ್ರದ ದೃಷ್ಟಿಯಿಂದ ಇದು ಸರಿಯಾದ ಪರಿಹಾರವೇ. ಆದರೆ ಸೀಸೆಯಲ್ಲಿ ದ್ರವ ಮುಗಿದರೆ ಒಡೆಯನೇ ತುಂಬಬೇಕು. ಪೆಟ್ರೋಲು, ಎಣ್ಣೆ, ನೀರು ಮೂರನ್ನು ಬಲ್ಲ ಜನ ನಾಲ್ಕನೆಯದನ್ನು ಮರೆತರು. ದ್ರವವಿಲ್ಲದಿದ್ದಾಗ ಟರ್ಬೊ ತನ್ನಷ್ಟಕ್ಕೆ ಅಡಗಿಕೊಳ್ಳುವ ಏರ್ಪಾಟಿತ್ತು. ಕಾರು ಸಪ್ಪೆಯಾಯಿತೆಂದು ದೂರು ಬಂತು. ಎರಡೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಎಷ್ಟೋ ಕಾರುಗಳಿಂದ ಟರ್ಬೊವನ್ನು ಕಿತ್ತು ಸಾಮಾನ್ಯ ಕಾರ್ಬುರೇಟರನ್ನು ಕೂಡಿಸಿದರು.

ಮುಂದಿನ ಯೂರೋಪಿನ ಟರ್ಬೊ ಕಾರುಗಳು ಇನ್ನೊಂದು ತುದಿಗೆ ಹೋದುವು. 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ ಅದುಮುವ ಪ್ರಮಾಣ 6.9, ಅನಂತರದ ಪೋರ್ಷೆ 911 ಟರ್ಬೊದಲ್ಲಿ 6.5. ಟರ್ಬೊ ಎಚ್ಚರಗೊಳ್ಳುವವರೆಗೆ ಇವು ಬಡ ಎಂಜಿನ್ನುಗಳು. ಎಚ್ಚರಗೊಂಡೊಡನೆ ಹುಚ್ಚು ಕುದುರೆಗಳು. ಪಂದ್ಯಕ್ಕೆ ಸರಿ, ಪೇಟೆಯ ಬೀದಿಗಲ್ಲ.

ನಿಜವಾದ ತಿರುವು ಬಂದದ್ದು ಸ್ವೀಡನ್ನಿನಿಂದ. ಸಾಬ್ ಸಂಸ್ಥೆಯ ಪೇರ್ ಯಿಲ್‌ಬ್ರಾಂಡ್ ಮತ್ತವನ ಸಂಗಡಿಗರು ಟರ್ಬೊದಿಂದ ವೇಗವನ್ನಲ್ಲ, ನಡುವಿನ ಸುತ್ತಿನ ತಿರುಗುಬಲವನ್ನು ಬೇಡಿದರು. ಬೇಗ ಎಚ್ಚರಗೊಳ್ಳುವ ಸಣ್ಣ ಟರ್ಬೈನು, ಒತ್ತಡ ಸಾಕಾದೊಡನೆ ಹೊಗೆಯನ್ನು ಬದಿಗೆ ಬಿಡುವ ಕವಾಟ, ಇಷ್ಟೇ ಉಪಾಯ. 1977ರಲ್ಲಿ ತೋರಿಸಿದ ಸಾಬ್ 99 ಟರ್ಬೊ 2 ಲೀಟರಿನಲ್ಲಿ 145 ಅಶ್ವಶಕ್ತಿ ಕೊಟ್ಟಿತು. ಟರ್ಬೊ ಇಲ್ಲದ ಅದರ ಒಡಹುಟ್ಟು 118. ಮಾರುಕಟ್ಟೆಗೆ ಈ ಅಂತರ ದೊಡ್ಡದೆನಿಸಲಿಲ್ಲ. ಆದರೆ ತಿರುಗುಬಲ 235 ನ್ಯೂಟನ್-ಮೀಟರು, ಅದೂ 3,000 ಸುತ್ತಿನಲ್ಲಿಯೇ. ದಿನಬಳಕೆಯ ಕಾರಿಗೆ ಬೇಕಾದ ಜಾಗದಲ್ಲಿ ಬೇಕಾದ ವಸ್ತು ಸಿಕ್ಕಿತು. 1982ರ ಹೊತ್ತಿಗೆ ಸಾಬ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಎಂಜಿನ್ನಿನ ಮೈಗೆ ಬಡಿತ ಕೇಳುವ ಕಿವಿಯೊಂದನ್ನು ಅಂಟಿಸಿತು. ಬಡಿತ ಕೇಳಿದೊಡನೆ ಒತ್ತಡ ತಾನಾಗಿ ಇಳಿಯುತ್ತಿತ್ತು. ಜೆಟ್‌ಫೈರ್‌ನ ಸೀಸೆ ಮಾಡಬೇಕಾಗಿದ್ದ ಕೆಲಸವನ್ನು ಈ ಕಿವಿ ಮಾಡಿತು. ಒಡೆಯನ ನೆನಪನ್ನು ನೆಚ್ಚಬೇಕಾಗಲಿಲ್ಲ.

ಡೀಸೆಲ್ ಎಂಜಿನ್ನಿಗೆ ಈ ಗೊಡವೆಯೇ ಇಲ್ಲ. ಅಲ್ಲಿ ಅದುಮುವುದು ಬರಿಯ ಗಾಳಿಯನ್ನು, ಇಂಧನ ಬರುವುದು ಕೊನೆಯ ಗಳಿಗೆಯಲ್ಲಿ. ಬಡಿತದ ಎಲ್ಲೆ ಅದಕ್ಕೆ ಅನ್ವಯಿಸುವುದಿಲ್ಲ. 1978ರಲ್ಲಿ ಮರ್ಸಿಡಿಸ್ 300 ಎಸ್‌ಡಿ ಟರ್ಬೊ ಡೀಸೆಲನ್ನು ಕಾರಿಗೆ ತಂದಿತು. ಭಾರತದ ಸಾಮಾನ್ಯ ಮನೆಗಳಿಗೆ ಅದರ ರುಚಿ ಹತ್ತಿದ್ದು 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್ ಬಂದಾಗ. ಅದೇ ಕಾರಿನ 1.3 ಲೀಟರು ಪೆಟ್ರೋಲು ಎಂಜಿನ್ 87 ಅಶ್ವಶಕ್ತಿ, 113 ನ್ಯೂಟನ್-ಮೀಟರು. ಅಷ್ಟಕ್ಕಿಂತ ತುಸು ಚಿಕ್ಕದಾದ ಟರ್ಬೊ ಡೀಸೆಲ್ 75 ಅಶ್ವಶಕ್ತಿ, 2,000 ಸುತ್ತಿನಲ್ಲಿ 190 ನ್ಯೂಟನ್-ಮೀಟರು. ಅಶ್ವಶಕ್ತಿ ಕಡಮೆಯಾದ ಕಾರೇ ಖಂಡಾಲೆಯ ಏರಿನಲ್ಲಿ ಮೇಲಿನ ಗೇರಿನಲ್ಲಿ ನೆಮ್ಮದಿಯಾಗಿ ಎಳೆಯಬಲ್ಲದೇಕೆಂಬುದಕ್ಕೆ ಈ ನಾಲ್ಕು ಅಂಕಿಗಳೇ ಸಾಕು. 2,000ಕ್ಕಿಂತ ಕೆಳಗೆ ಟರ್ಬೊ ಮಂಪರಿನಲ್ಲಿರುತ್ತಿತ್ತೆಂಬುದನ್ನು ನಿಂತು ನಿಂತು ಸಾಗುವ ನಗರದ ಬೀದಿಗಳು ನೆನಪಿಸುತ್ತಿದ್ದುವು.

ಇಂಧನವನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸಿ, ಅದು ಆವಿಯಾಗುವಾಗ ಗಾಳಿಯನ್ನು ತಣಿಸುವ ಕ್ರಮ ಬಂದ ಮೇಲೆ ಪೆಟ್ರೋಲು ಟರ್ಬೊ ಎಂಜಿನ್ನು ಹಳೆಯ ಬಡತನದಿಂದ ಪಾರಾಯಿತು. ಮೇಲೆ ಹೇಳಿದ ಗಾಲ್ಫ್ ಎಂಜಿನ್ನಿಗೇ ಟರ್ಬೊ ಕೂಡಿಸಿದ ರೂಪದಲ್ಲಿ ಅದುಮುವ ಪ್ರಮಾಣ 10.5ರಷ್ಟಿದ್ದೂ ತಿರುಗುಬಲ 280 ನ್ಯೂಟನ್-ಮೀಟರು. ಇನ್ನೂ ವಿಶೇಷವೆಂದರೆ ಅದು 1,800ರಿಂದ 5,000 ಸುತ್ತಿನವರೆಗೆ ಒಂದೇ ಸಮನಾಗಿರುತ್ತದೆ. ಗುಡ್ಡ ಮಾಯವಾಗಿ ಮೈದಾನ ಕಾಣಿಸಿಕೊಂಡಿತು. ಈ ಸಮತಲ ಎಂಜಿನ್ನಿನ ಸ್ವಭಾವವೆಂದು ತಿಳಿದರೆ ತಪ್ಪಾಗುತ್ತದೆ. ಟರ್ಬೊ ಇನ್ನೂ ಹೆಚ್ಚು ತುಂಬಬಲ್ಲದು. ಗೇರುಪೆಟ್ಟಿಗೆ, ಪಿಸ್ಟನ್ನು, ದಂಡಗಳ ಆಯುಸ್ಸನ್ನು ನೋಡಿ ತಯಾರಕನೇ ಅಲ್ಲಿಗೆ ಸಾಕೆಂದು ಗಣಕಯಂತ್ರಕ್ಕೆ ಆಜ್ಞೆ ಬರೆದಿರುತ್ತಾನೆ. ಒಂದೇ ಎಂಜಿನ್ ಎರಡು ಬೆಲೆಯ ಕಾರುಗಳಲ್ಲಿ ಎರಡು ತಿರುಗುಬಲವನ್ನು ತೋರಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸಹಜ ಉಸಿರಿನಲ್ಲಿ ಪ್ರಕೃತಿ ಎಳೆಯುತ್ತಿದ್ದ ಗೆರೆಯನ್ನು ಇಲ್ಲಿ ಮನುಷ್ಯ ಎಳೆಯುತ್ತಾನೆ.

ಇದಕ್ಕೆ 2019ರ ಮರ್ಸಿಡಿಸ್-ಎಎಂಜಿಯ 2 ಲೀಟರು ಎಂಜಿನ್ನಿಗಿಂತ ಬೇರೆ ನಿದರ್ಶನ ಬೇಕಿಲ್ಲ. ಅದರ ತಿರುಗುಬಲ 500 ನ್ಯೂಟನ್-ಮೀಟರು, ಸಫಲ ಒತ್ತಡ 31 ಬಾರ್ ಮೀರಿದ್ದು, ಫೋರ್ಡ್ ‘ಟಿ’ಗೆ ಆರು ಪಟ್ಟಿಗೂ ಹೆಚ್ಚು. ಕೆಳಗಿನ ಸುತ್ತಿನಿಂದಲೇ ಮೈದಾನವನ್ನು ಹಾಸಿಬಿಡುವುದು ಆ ಸಂಸ್ಥೆಗೆ ಕಷ್ಟವಿರಲಿಲ್ಲ. ಹಾಗೆ ಮಾಡಲಿಲ್ಲ. ತಿರುಗುಬಲ ಮೆಲ್ಲಮೆಲ್ಲನೆ ಏರಿ 5,000 ಸುತ್ತಿನಲ್ಲಿ ಶಿಖರ ಮುಟ್ಟುವಂತೆ, ಹಳೆಯ ಸಹಜ ಉಸಿರಿನ ಎಂಜಿನ್ನಿನ ಗುಡ್ಡವನ್ನೇ ಹೋಲುವಂತೆ, ಗಣಕಯಂತ್ರಕ್ಕೆ ಬೇಕೆಂದೇ ಆಜ್ಞೆ ಬರೆದರು.